ಬಂದೂಕು ಯಾರ ಕೈಗೆ ಮರಳಬೇಕು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ವರದಕ್ಷಿಣೆ ಸಾವು, ಗಂಡನ ಹೊಡೆತ, ಠಾಣೆಯ ರಾಜಿ ಪಂಚಾಯಿತಿ ಇವುಗಳ ಬಗ್ಗೆ ಮಾತಾಡಲು ಸೇರುವ ನಮ್ಮ ಸಭೆಯಲ್ಲಿ ಇವತ್ತು ಅಮೆರಿಕದ ಬಂದೂಕಿನ ವಿಷಯ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆ ದೇಶದಲ್ಲಿ ಈಗ ಒಂದು ವಾದ ಜೋರಾಗಿ ನಡೆದಿದೆ. ಹಿಂದೆ ಯಾವಾಗಲೋ ಒಂದು ಅಪರಾಧ ಮಾಡಿ, ಶಿಕ್ಷೆ ಅನುಭವಿಸಿ ಬಂದವನಿದ್ದಾನೆ. ಅವನ ಅಪರಾಧದಲ್ಲಿ ಯಾರನ್ನೂ ಹೊಡೆದಿಲ್ಲ, ಬಡಿದಿಲ್ಲ. ಅಂಥವನಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ವಾಪಸು ಕೊಡಬೇಕೇ, ಬೇಡವೇ? ವಾದ ಇಷ್ಟೇ. ಕೇಳಿದರೆ ಗಂಡಸರ ಜಗಳ ಅನ್ನಿಸುತ್ತದೆ. ಆದರೆ ಇದರ ಬೇರು ಹಿಡಿದು ಹೊರಟರೆ ನಾವು ಬಂದು ನಿಲ್ಲುವುದು ಅಡಿಗೆಮನೆಯ ಬಾಗಿಲಿಗೆ. ಯಾವುದು ಹಿಂಸೆ, ಯಾವುದು ಹಿಂಸೆಯಲ್ಲ ಎಂದು ಹೇಳುವವರು ಯಾರು? ಅದನ್ನು ಕಾಗದದ ಮೇಲೆ ಬರೆಯುವವರು ಯಾರು? ಈ ಪ್ರಶ್ನೆ ಅಲ್ಲಿನ ಹೆಂಗಸರದ್ದೂ ಹೌದು, ನಮ್ಮದೂ ಹೌದು.

ಮೊದಲು ಅಲ್ಲಿನ ಕಾನೂನನ್ನು ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿ. ಸರ್ಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವುದನ್ನು ಜನರ ಹಕ್ಕು ಎಂದು ಹೇಳುತ್ತದೆ. ಹಕ್ಕು ಎಂದ ಮೇಲೆ ಅದನ್ನು ಕಿತ್ತುಕೊಳ್ಳಲು ಕಾರಣ ಬೇಕು. 1938ರ ಒಂದು ಕೇಂದ್ರ ಕಾಯ್ದೆ ಹಿಂಸೆಯ ಅಪರಾಧ ಮಾಡಿದವರಿಗೆ ಮಾತ್ರ ನಿಷೇಧ ಹಾಕಿತ್ತು. 1961ರಲ್ಲಿ ಅದನ್ನು ಎಲ್ಲಾ ದೊಡ್ಡ ಅಪರಾಧಗಳಿಗೂ ಹಿಗ್ಗಿಸಿದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ ಬಂದೂಕು ನಿಯಂತ್ರಣ ಕಾಯ್ದೆ ಬಂತು. ಇವತ್ತಿಗೂ ಅದೇ ಬುನಾದಿ. ಒಂದು ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸಬಹುದಾದ ಅಪರಾಧ ಸಾಬೀತಾದರೆ ಆ ಮನುಷ್ಯ ಜೀವಮಾನವಿಡೀ ಬಂದೂಕು ಮುಟ್ಟುವಂತಿಲ್ಲ. ನಿಜವಾಗಿ ಜೈಲಿಗೆ ಹೋದನೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ವಿಧಿಸಬಹುದಾಗಿತ್ತು ಎಂದರೆ ಸಾಕು.

ಈ ಕಾನೂನಿನ ಬಲೆಗೆ ಬಿದ್ದ ಒಬ್ಬನ ಮೊಕದ್ದಮೆ ಈಗ ಹೆಸರಾಗಿದೆ. ಅದನ್ನು ರೇಂಜ್ ಮೊಕದ್ದಮೆ ಎನ್ನುತ್ತಾರೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹುಲ್ಲು ಕತ್ತರಿಸಿ ಮೂರು ಮಕ್ಕಳ ಸಂಸಾರ ಸಾಗಿಸುತ್ತಿದ್ದ ಮನುಷ್ಯ. ಬಡವರಿಗೆ ಸರ್ಕಾರ ಕೊಡುವ ಆಹಾರ ಚೀಟಿಗಾಗಿ ಹೆಂಡತಿ ಅರ್ಜಿ ತುಂಬಿದ್ದಳು, ಅವನು ಸಹಿ ಹಾಕಿದ್ದ. ತನ್ನ ಸಂಪಾದನೆಯನ್ನು ಅದರಲ್ಲಿ ಪೂರಾ ತೋರಿಸಿರಲಿಲ್ಲ. 1995ರಲ್ಲಿ ಅವನು ತಪ್ಪು ಒಪ್ಪಿಕೊಂಡ. ಪಡೆದಿದ್ದ 2,458 ಡಾಲರನ್ನು ಹಿಂತಿರುಗಿಸಬೇಕಾಯಿತು, ಮೂರು ವರ್ಷ ನಿಗಾವಣೆಯಲ್ಲಿ ಇರಬೇಕಾಯಿತು. ಜೈಲಿಗೆ ಹೋಗಲಿಲ್ಲ. ಆದರೆ ಆ ಅಪರಾಧಕ್ಕೆ ಐದು ವರ್ಷದವರೆಗೆ ಜೈಲು ವಿಧಿಸಬಹುದಿತ್ತು. ಹಾಗಾಗಿ ಬೇಟೆಗೆ ಬಂದೂಕು ಕೊಳ್ಳುವುದೂ ಅವನಿಗೆ ಜೀವನಪರ್ಯಂತ ನಿಷೇಧವಾಯಿತು.

ಪಡಿತರ ಚೀಟಿಯ ಅರ್ಜಿಯಲ್ಲಿ ಆದಾಯ ಕಡಿಮೆ ಬರೆಸಿದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನಾನು ಕೇಳುವುದಿಲ್ಲ. ಅದು ತಪ್ಪೇ. ಆದರೆ ಆ ತಪ್ಪಿಗೂ ಬಂದೂಕಿಗೂ ಏನು ಸಂಬಂಧ? 2023ರಲ್ಲಿ ಅಲ್ಲಿನ ಮೂರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಏನೂ ಸಂಬಂಧವಿಲ್ಲ ಎಂದು ಹೇಳಿತು. ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೋಡಿ ಎಂದು ಹಿಂದೆ ಕಳಿಸಿದರೂ 2024ರ ಡಿಸೆಂಬರಿನಲ್ಲಿ ಅದೇ ಮಾತನ್ನು ಮತ್ತೆ ಹೇಳಿತು. ಆದರೆ ತೀರ್ಪು ಆ ಒಬ್ಬನಿಗೆ ಮಾತ್ರ ಅನ್ವಯ. ಬೇರೆ ಕೆಲವು ವಲಯಗಳ ನ್ಯಾಯಾಲಯಗಳು ಇದಕ್ಕೆ ವಿರುದ್ಧವಾಗಿ, ಅಪರಾಧ ಯಾವುದೇ ಇರಲಿ ನಿಷೇಧ ಸರಿ ಎಂದಿವೆ.

ಇನ್ನೊಂದು ವಿಷಯ ಗಮನಿಸಿ. ಅದೇ 1968ರ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಕಂಪನಿಗಳು ಒಳಗೊಳಗೇ ಸೇರಿ ಬೆಲೆ ಏರಿಸುವುದು, ವ್ಯಾಪಾರದಲ್ಲಿ ಪೈಪೋಟಿ ತಡೆಯುವುದು, ಇಂಥ ವ್ಯಾಪಾರಿ ಅಪರಾಧಗಳನ್ನು ನಿಷೇಧದಿಂದ ಹೊರಗಿಟ್ಟಿದ್ದಾರೆ. ಸಾವಿರಾರು ಜನರ ಜೇಬಿಗೆ ಕೈ ಹಾಕಿದ ಧಣಿಗೆ ಬಂದೂಕು ಉಂಟು. ಆಹಾರ ಚೀಟಿಯಲ್ಲಿ ಸುಳ್ಳು ಬರೆಸಿದ ಕೂಲಿಯವನಿಗೆ ಇಲ್ಲ. 2010ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 1 ಕೋಟಿ 90 ಲಕ್ಷ ಜನರ ಹೆಸರಿನ ಮೇಲೆ ದೊಡ್ಡ ಅಪರಾಧದ ದಾಖಲೆ ಇತ್ತು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವಯಸ್ಕರಲ್ಲಿ ಅದು ನೂರಕ್ಕೆ 8. ಕಪ್ಪು ಗಂಡಸರಲ್ಲಿ ಮಾತ್ರ ತೆಗೆದುಕೊಂಡರೆ ನೂರಕ್ಕೆ 33. ಕಾನೂನು ಯಾರ ಮನೆ ಬಾಗಿಲನ್ನು ಹೆಚ್ಚು ಬಡಿಯುತ್ತದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಹಕ್ಕನ್ನು ಮರಳಿ ಕೇಳಲು ಒಂದು ಬಾಗಿಲು ಇರಲಿಲ್ಲವೇ? ಇತ್ತು. ಇವನು ಅಪಾಯಕಾರಿಯಲ್ಲ ಎಂದು ತೋರಿಸಿಕೊಟ್ಟರೆ ಸರ್ಕಾರ ನಿಷೇಧ ತೆಗೆಯಬಹುದು ಎಂದು ಕಾನೂನಿನಲ್ಲೇ ಬರೆದಿದೆ. ಆದರೆ 1992ರಲ್ಲಿ ಸಂಸತ್ತು ಆ ಅರ್ಜಿಗಳನ್ನು ಪರಿಶೀಲಿಸುವ ಇಲಾಖೆಗೆ ಅದಕ್ಕಾಗಿ ಹಣ ಕೊಡುವುದನ್ನೇ ನಿಲ್ಲಿಸಿತು. ಬಾಗಿಲು ಗೋಡೆಯಲ್ಲಿ ಹಾಗೇ ಇತ್ತು, ಬೀಗ ಬಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಇಷ್ಟು ಕೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಶಿಕ್ಷೆಗೆ ಒಂದು ಕೊನೆ ಇರಬೇಕು. ಸಾಲ ತೀರಿಸಿದವಳನ್ನು ಜೀವಮಾನವಿಡೀ ಸುಸ್ತಿದಾರಳು ಎಂದು ನಮ್ಮ ಸಂಘದ ಪುಸ್ತಕದಲ್ಲಿ ಬರೆದಿಡುತ್ತೇವೆಯೇ? ಇಲ್ಲ. ಬಂದೂಕೇ ಬೇಡ ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ದೇಶದ ಎಲ್ಲರಿಗೂ ಕೊಟ್ಟ ಒಂದು ಹಕ್ಕನ್ನು ಬಡವನಿಗೆ ಮಾತ್ರ, ಸಂಬಂಧವಿಲ್ಲದ ತಪ್ಪಿಗೆ, ಸಾಯುವವರೆಗೆ ಕಿತ್ತುಕೊಳ್ಳುವುದು ನ್ಯಾಯವಲ್ಲ. ಆದ್ದರಿಂದ ರೇಂಜ್ ಮೊಕದ್ದಮೆಯಂಥವರಿಗೆ ಹಕ್ಕು ಮರಳಲಿ ಎಂದೇ ನನ್ನ ಉತ್ತರ.

ಆದರೆ ಸಂಗಾತಿಗಳೇ, ಇಲ್ಲಿಗೆ ನಿಲ್ಲುವಂತಿಲ್ಲ. ಹಿಂಸೆ ಮಾಡದವರಿಗೆ ಮರಳಿಸಿ ಎಂದು ಹೇಳುವಾಗ ಹಿಂಸೆ ಮಾಡದವರು ಯಾರು ಎಂದು ಯಾವ ಕಾಗದ ನೋಡಿ ತೀರ್ಮಾನಿಸುತ್ತೀರಿ? ಇದು ನಮ್ಮ ಪ್ರಶ್ನೆ.

1968ರ ಕಾನೂನನ್ನು ಮತ್ತೆ ನೋಡಿ. ದೊಡ್ಡ ಅಪರಾಧಗಳಿಗೆ ಮಾತ್ರ ನಿಷೇಧ ಎಂದಿತು. ಹೆಂಡತಿಯನ್ನು ಹೊಡೆಯುವುದು ಅಲ್ಲಿ ಬಹುಪಾಲು ಸಣ್ಣ ಅಪರಾಧವಾಗಿತ್ತು. ಪಕ್ಕದ ಮನೆಯವನ ತಲೆ ಒಡೆದರೆ ದೊಡ್ಡದು, ಹೆಂಡತಿಯ ತಲೆ ಒಡೆದರೆ ಸಂಸಾರದ ಗಲಾಟೆ. ಹಾಗಾಗಿ ಬಹಳ ವರ್ಷ ಪರಿಸ್ಥಿತಿ ಹೇಗಿತ್ತೆಂದರೆ, ಸುಳ್ಳು ಅರ್ಜಿಗೆ ಸಹಿ ಹಾಕಿದವನ ಕೈಯಿಂದ ಬಂದೂಕು ಹೋಯಿತು, ಹೆಂಡತಿಯ ದವಡೆ ಮುರಿದವನ ಕೈಯಲ್ಲಿ ಅದು ಉಳಿಯಿತು. ಕಾನೂನಿನ ಕಣ್ಣಲ್ಲಿ ಎರಡನೆಯವನು ದೊಡ್ಡ ಅಪರಾಧಿಯೇ ಆಗಿರಲಿಲ್ಲ.

ಅಲ್ಲಿನ ಮಹಿಳಾ ಚಳವಳಿ ಇದರ ವಿರುದ್ಧ ವರ್ಷಗಟ್ಟಲೆ ದುಡಿಯಿತು. 1994ರಲ್ಲಿ ಮೊದಲ ಹೆಜ್ಜೆ. ಹೆಂಡತಿ ಅಥವಾ ಸಂಗಾತಿಯನ್ನು ಪೀಡಿಸಬಾರದು ಎಂದು ನ್ಯಾಯಾಲಯ ರಕ್ಷಣಾ ಆದೇಶ ಕೊಟ್ಟಿದ್ದರೆ, ಆ ಆದೇಶ ಜಾರಿಯಲ್ಲಿರುವಷ್ಟು ಕಾಲ ಅವನು ಬಂದೂಕು ಹೊಂದುವಂತಿಲ್ಲ ಎಂದು ಕಾನೂನಾಯಿತು. 1996ರಲ್ಲಿ ನ್ಯೂ ಜರ್ಸಿಯ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್ ಒಂದು ತಿದ್ದುಪಡಿ ತಂದರು. ಮನೆಯೊಳಗಿನ ಹಿಂಸೆಗೆ ಸಣ್ಣ ಅಪರಾಧವೆಂದು ಶಿಕ್ಷೆಯಾಗಿದ್ದರೂ ಬಂದೂಕು ನಿಷೇಧ. ಪೊಲೀಸರಿಗೂ ಸೈನಿಕರಿಗೂ ವಿನಾಯಿತಿ ಇಲ್ಲ. ಆಗ ಎದ್ದ ಕೂಗು ನಮಗೆ ಹೊಸದಲ್ಲ. ಒಂದು ಕಪಾಳಮೋಕ್ಷಕ್ಕೆ ಜೀವಮಾನದ ಶಿಕ್ಷೆಯೇ ಎಂದರು. ಈ ಕೂಗು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮನೆಯೊಳಗಿನ ಹಿಂಸೆಗೆ ದೊಡ್ಡ ಗಾಯವೇ ಆಗಬೇಕೆಂದಿಲ್ಲ, ತಳ್ಳುವುದು, ಹಿಡಿದೆಳೆಯುವುದು ಕೂಡ ಇದರಲ್ಲಿ ಸೇರುತ್ತದೆ ಎಂದು 2014ರಲ್ಲಿ ಆ ನ್ಯಾಯಾಲಯ ಹೇಳಿತು. ಆ ತೀರ್ಪು ಬರೆದವರು ಒಬ್ಬ ಮಹಿಳೆ, ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್.

ಬಂದೂಕಿನ ಮೇಲೆ ಯಾಕೆ ಇಷ್ಟು ಹಟ? 2003ರಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಹನ್ನೊಂದು ನಗರಗಳಲ್ಲಿ ಅಧ್ಯಯನ ಮಾಡಿ ಪ್ರಕಟಿಸಿದರು. ಹೊಡೆಯುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಆ ಹೆಂಗಸು ಅವನಿಂದಲೇ ಕೊಲೆಯಾಗುವ ಅಪಾಯ ಐದು ಪಟ್ಟಿಗೂ ಹೆಚ್ಚು ಎಂದು ಅದರಿಂದ ಗೊತ್ತಾಯಿತು. ನಮ್ಮಲ್ಲಿ ಸೀಮೆಎಣ್ಣೆ ಡಬ್ಬ ಮತ್ತು ಸ್ಟೌವ್ ಮಾಡಿದ ಕೆಲಸವನ್ನು ಅಲ್ಲಿ ಬಂದೂಕು ಮಾಡುತ್ತದೆ. ಹೆದರಿಸಲು ಅದನ್ನು ಹಾರಿಸಲೇಬೇಕೆಂದಿಲ್ಲ. ಊಟದ ಮೇಜಿನ ಮೇಲೆ ಇಟ್ಟರೆ ಸಾಕು.

ಈಗ ಕಾಗದದ ಮಾತಿಗೆ ಬರೋಣ. ಅಲ್ಲಿ ಬಹಳಷ್ಟು ಮೊಕದ್ದಮೆಗಳು ಸಾಕ್ಷಿ ವಿಚಾರಣೆಯವರೆಗೆ ಹೋಗುವುದಿಲ್ಲ. ಆರೋಪಿ ಸ್ವಲ್ಪ ಸಣ್ಣ ತಪ್ಪನ್ನು ಒಪ್ಪಿಕೊಳ್ಳುತ್ತಾನೆ, ಸರ್ಕಾರಿ ವಕೀಲರು ದೊಡ್ಡ ಆರೋಪ ಬಿಡುತ್ತಾರೆ. ಹೆಂಡತಿಯನ್ನು ಹೊಡೆದವನು ಸಾರ್ವಜನಿಕ ಶಾಂತಿ ಕದಡಿದ್ದಕ್ಕೆ ತಪ್ಪೊಪ್ಪಿಕೊಂಡರೆ ಅವನ ದಾಖಲೆಯಲ್ಲಿ ಹಿಂಸೆ ಎಂಬ ಪದವೇ ಇರುವುದಿಲ್ಲ. ಹತ್ತು ವರ್ಷದ ನಂತರ ಆ ಕಾಗದ ನೋಡುವ ಅಧಿಕಾರಿಗೆ ಅವನು ಅಹಿಂಸಾವಾದಿಯಾಗಿಯೇ ಕಾಣುತ್ತಾನೆ.

ಹಿಂಸೆ ಎಂದು ಬರೆದರೂ ಆ ಕಾಗದ ತಲುಪಬೇಕಾದಲ್ಲಿಗೆ ತಲುಪದಿದ್ದರೆ ಏನಾಗುತ್ತದೆ? ಟೆಕ್ಸಾಸ್ ರಾಜ್ಯದ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಕಥೆ ಅದು. ವಾಯುಪಡೆಯಲ್ಲಿದ್ದ ಒಬ್ಬನಿಗೆ ಹೆಂಡತಿಯನ್ನೂ ಅವಳ ಪುಟ್ಟ ಮಗುವನ್ನೂ ಹೊಡೆದದ್ದಕ್ಕೆ 2012ರಲ್ಲಿ ಸೇನಾ ನ್ಯಾಯಾಲಯ ಒಂದು ವರ್ಷ ಸೆರೆ ವಿಧಿಸಿತ್ತು. ಕಾನೂನಿನ ಪ್ರಕಾರ ಅವನು ಬಂದೂಕು ಕೊಳ್ಳುವಂತಿರಲಿಲ್ಲ. ಆದರೆ ವಾಯುಪಡೆ ಆ ಶಿಕ್ಷೆಯ ವಿವರವನ್ನು ಬಂದೂಕು ಖರೀದಿದಾರರನ್ನು ಪರಿಶೀಲಿಸುವ ಕೇಂದ್ರ ದಾಖಲೆಗೆ ಕಳಿಸಲೇ ಇಲ್ಲ. ಅಂಗಡಿಯವನು ಕೇಳಿದಾಗ ಯಾವ ದೋಷವೂ ಕಾಣಲಿಲ್ಲ. 2017ರ ನವೆಂಬರಿನಲ್ಲಿ ಅವನು ಚರ್ಚಿನೊಳಗೆ ನುಗ್ಗಿ ಗುಂಡು ಹಾರಿಸಿದ. ಹೊಟ್ಟೆಯಲ್ಲಿದ್ದ ಒಂದು ಮಗುವನ್ನೂ ಸೇರಿಸಿ 26 ಜೀವ ಹೋದವು. ಆಗ ಅವನ ಹೆಂಡತಿಯಾಗಿದ್ದವಳ ಅಜ್ಜಿಯೂ ಅವರಲ್ಲಿ ಒಬ್ಬಳು. ಈ ಸಾವುಗಳ ಹೊಣೆಯಲ್ಲಿ ನೂರಕ್ಕೆ 60 ಪಾಲು ಸರ್ಕಾರದ್ದು ಎಂದು 2021ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪು ಕೊಟ್ಟರು. ಮನೆಯ ಹಿಂಸೆಯನ್ನು ಮನೆಯ ವಿಷಯ ಎಂದು ಹಗುರ ಮಾಡಿದ್ದರ ಬೆಲೆಯನ್ನು ಇಡೀ ಊರು ತೆತ್ತಿತು.

ಸುಪ್ರೀಂ ಕೋರ್ಟಿನ ಮುಂದೆ 2024ರಲ್ಲಿ ರಹೀಮಿ ಮೊಕದ್ದಮೆ ಬಂತು. ಒಬ್ಬ ಯುವಕ ತನ್ನ ಮಗುವಿನ ತಾಯಿಯನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಎಳೆದಾಡಿ, ಗುಂಡು ಹಾರಿಸಿ, ಯಾರಿಗಾದರೂ ಹೇಳಿದರೆ ನಿನ್ನನ್ನೂ ಸುಡುತ್ತೇನೆಂದು ಹೆದರಿಸಿದ್ದ. ಅವಳು ರಕ್ಷಣಾ ಆದೇಶ ಪಡೆದಿದ್ದಳು. ಆದರೂ ನನ್ನ ಬಂದೂಕಿನ ಹಕ್ಕು ಕಿತ್ತುಕೊಳ್ಳುವಂತಿಲ್ಲ ಎಂಬುದು ಅವನ ವಾದ. 2023ರಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿಯೂ ಇತ್ತು. 18ನೆಯ ಶತಮಾನದಲ್ಲಿ ಇಂಥ ಕಾನೂನು ಇರಲಿಲ್ಲವಲ್ಲ ಎಂಬುದು ಕಾರಣ. ಇರಲಿಲ್ಲ, ನಿಜ. ಆಗ ಹೆಂಗಸಿಗೆ ಮತದಾನದ ಹಕ್ಕೂ ಇರಲಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಆ ವಾದವನ್ನು ತಳ್ಳಿಹಾಕಿದರು. ಮತ್ತೊಬ್ಬರ ಜೀವಕ್ಕೆ ಅಪಾಯವೆಂದು ನ್ಯಾಯಾಲಯ ಕಂಡುಕೊಂಡವನ ಆಯುಧವನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಬಹುದು ಎಂದರು. ಇದರಲ್ಲಿ ನಮಗೆ ಬೇಕಾದ ಅಳತೆಗೋಲು ಇದೆ. ಅಪರಾಧದ ಹೆಸರು ದೊಡ್ಡದೋ ಚಿಕ್ಕದೋ ಎಂಬುದಲ್ಲ, ಇವನಿಂದ ಯಾರ ಜೀವಕ್ಕಾದರೂ ಅಪಾಯ ಇದೆಯೇ ಎಂಬುದು.

ಇನ್ನು 2025ರ ಬೆಳವಣಿಗೆ. ಅಲ್ಲಿನ ನ್ಯಾಯ ಇಲಾಖೆ 1992ರಿಂದ ಮುಚ್ಚಿದ್ದ ಬಾಗಿಲನ್ನು ಮತ್ತೆ ತೆರೆಯಲು ಹೊರಟಿತು. ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು ಜುಲೈನಲ್ಲಿ ಹೊಸ ನಿಯಮಗಳ ಕರಡು ಪ್ರಕಟಿಸಿತು. ಬಾಗಿಲು ತೆರೆದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಯಾರು ಮೊದಲು ಒಳಗೆ ಹೋದರು ಎಂದು ನೋಡಬೇಕು. ಏಪ್ರಿಲ್‌ನಲ್ಲೇ ಹಕ್ಕು ಮರಳಿ ಪಡೆದ ಮೊದಲ ಹತ್ತು ಮಂದಿಯಲ್ಲಿ ಸಿನಿಮಾ ನಟ ಮೆಲ್ ಗಿಬ್ಸನ್ ಒಬ್ಬರು. ಮಾಜಿ ಸಂಗಾತಿಯನ್ನು ಹೊಡೆದ ಆರೋಪವನ್ನು 2011ರಲ್ಲಿ ನ್ಯಾಯಾಲಯದಲ್ಲಿ ಪ್ರತಿವಾದ ಮಾಡದೆ ಒಪ್ಪಿ, ಸಣ್ಣ ಅಪರಾಧದ ಶಿಕ್ಷೆ ಪಡೆದವರು. ಇಲಾಖೆಯ ಕ್ಷಮಾದಾನ ವಿಭಾಗದ ಮುಖ್ಯಸ್ಥೆಯಾಗಿದ್ದ ಎಲಿಜಬೆತ್ ಓಯರ್, ಆ ಹೆಸರನ್ನು ಶಿಫಾರಸು ಮಾಡಲು ಒಪ್ಪದ ಬೆನ್ನಲ್ಲೇ ತಮ್ಮನ್ನು ಕೆಲಸದಿಂದ ತೆಗೆದರು ಎಂದು ಬಹಿರಂಗವಾಗಿ ಹೇಳಿದರು. ಇಲಾಖೆ ಅದನ್ನು ಅಲ್ಲಗಳೆಯಿತು. ಯಾರ ಮಾತು ನಿಜವಾದರೂ ಒಂದು ಸಂಗತಿ ಉಳಿಯುತ್ತದೆ. ಆಹಾರ ಚೀಟಿಯ ಬಡವ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದು ವರ್ಷಗಳನ್ನು ಕಳೆದ. ಹೆಸರು ಇದ್ದವನಿಗೆ ಬಾಗಿಲು ಬೇಗ ತೆರೆಯಿತು.

ಹಾಗಾದರೆ ಹೇಗಿರಬೇಕು? ನನಗೆ ತೋಚಿದ್ದು ಮೂರು ಮಾತು. ಒಂದು, ಹಿಂಸೆಗೆ ಸಂಬಂಧಪಡದ ಹಳೆಯ ತಪ್ಪಿಗೆ ನಿಷೇಧ ಒಂದು ಅವಧಿಗೆ ಮಾತ್ರ ಇರಲಿ. ಎರಡು, ಹಕ್ಕು ಮರಳಿಸುವ ಮುನ್ನ ಅಪರಾಧದ ಹೆಸರನ್ನಷ್ಟೇ ಓದದೆ ಆಗ ನಿಜವಾಗಿ ನಡೆದದ್ದೇನು ಎಂದು ನೋಡಲಿ. ರಕ್ಷಣಾ ಆದೇಶ ಇತ್ತೇ, ಮನೆಗೆ ಪೊಲೀಸರು ಎಷ್ಟು ಸಲ ಬಂದಿದ್ದರು ಎಂದು ವಿಚಾರಿಸಲಿ. ಮೂರು, ಅವನ ಜೊತೆ ಬದುಕಿದ ಹೆಂಗಸನ್ನು ಅವನ ಎದುರಿಗಲ್ಲದೆ ಬೇರೆಯಾಗಿ ಕೇಳಲಿ. ಅವಳಿಗಿಂತ ದೊಡ್ಡ ಸಾಕ್ಷಿ ಇಲ್ಲ.

ನಮ್ಮ ಊರುಗಳಿಂದ ಮದುವೆಯಾಗಿ ಆ ದೇಶಕ್ಕೆ ಹೋದ ಹೆಣ್ಣುಮಕ್ಕಳಿಗೂ ಇದು ತಟ್ಟುತ್ತದೆ. ಗಂಡನ ಕೆಲಸದ ವೀಸಾದ ಮೇಲೆ ಅವಲಂಬಿತಳಾಗಿ ಹೋದವಳು ಅವನಿಗೆ ಶಿಕ್ಷೆಯಾದರೆ ಇಬ್ಬರೂ ದೇಶ ಬಿಡಬೇಕಾದೀತು ಎಂದು ಹೆದರುತ್ತಾಳೆ. ಆ ಹೆದರಿಕೆಗೆ ಆಧಾರವೂ ಇದೆ. ಹೊರದೇಶದವನಿಗೆ ಮನೆಯೊಳಗಿನ ಹಿಂಸೆಗೆ ಶಿಕ್ಷೆಯಾದರೆ ಅವನನ್ನು ದೇಶದಿಂದ ಕಳಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಹಾಗಾಗಿ ದೂರು ಹಗುರವಾಗುತ್ತದೆ ಅಥವಾ ಹುಟ್ಟುವುದೇ ಇಲ್ಲ. ಮುಂದೆ ಅವನು ಅಲ್ಲಿನ ಪ್ರಜೆಯಾದಾಗ ದಾಖಲೆ ಶುದ್ಧ, ಬಂದೂಕಿನ ಅಂಗಡಿ ಮುಕ್ತ. ಅವಳು ತವರಿಗೆ ಫೋನ್ ಮಾಡಿ ಹೇಳಿಕೊಂಡಾಗ ಹೊಂದಿಕೊಂಡು ಹೋಗು ಎಂದಷ್ಟೇ ಹೇಳಿ ಇಡಬೇಡಿ. ಮನೆಯಲ್ಲಿ ಬಂದೂಕು ಇದೆಯೇ ಎಂದು ಕೇಳಿ.

ಇನ್ನು ನಮ್ಮ ನೆಲದ ಮಾತು. ನಮ್ಮ 1959ರ ಆಯುಧ ಕಾಯ್ದೆ ಒಂದು ವಿಷಯದಲ್ಲಿ ಅಮೆರಿಕಕ್ಕಿಂತ ವಿವೇಕದ್ದು. ಅದರ 9ನೆಯ ಕಲಮಿನ ಪ್ರಕಾರ ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾದವರು, ಶಿಕ್ಷೆ ಮುಗಿದು ಐದು ವರ್ಷದವರೆಗೆ ಬಂದೂಕು ಹೊಂದುವಂತಿಲ್ಲ. ಜೀವಮಾನದ ನಿಷೇಧವಲ್ಲ, ಅವಧಿ ಇದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಇದನ್ನು ನೆನಪಿಡಿ. ಶಾಂತಿ ಕಾಪಾಡುತ್ತೇನೆ, ಸರಿಯಾಗಿ ನಡೆದುಕೊಳ್ಳುತ್ತೇನೆ ಎಂದು ಮ್ಯಾಜಿಸ್ಟ್ರೇಟರ ಆದೇಶದಂತೆ ಮುಚ್ಚಳಿಕೆ ಬರೆದುಕೊಟ್ಟವನು ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಬಂದೂಕು ಹೊಂದುವಂತಿಲ್ಲ. ಆದರೆ ಠಾಣೆಯಲ್ಲಿ ಹಿರಿಯರ ಎದುರು ಬಿಳಿ ಹಾಳೆಯ ಮೇಲೆ ಬರೆಸಿಕೊಳ್ಳುತ್ತಾರಲ್ಲ, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು, ಆ ಹಾಳೆಗೆ ಈ ಬಲ ಇಲ್ಲ. ರಾಜಿಯ ಹೆಸರಿನಲ್ಲಿ ನಾವು ಕಳೆದುಕೊಳ್ಳುವುದು ಏನೆಂದು ಇದರಿಂದ ತಿಳಿಯಿರಿ.

ನಮ್ಮಲ್ಲಿ ಬಂದೂಕು ಎಲ್ಲಿದೆ ಎನ್ನಬೇಡಿ. ಮಲೆನಾಡಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೋವಿ ಇದ್ದವರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಚುನಾವಣೆ ಬಂದಾಗ ಪರವಾನಗಿ ಇರುವ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂದು ಡಂಗುರ ಹೊಡೆಸುತ್ತಾರಲ್ಲ? ಮತಪೆಟ್ಟಿಗೆಯ ರಕ್ಷಣೆಗೆ ಇರುವ ಎಚ್ಚರ, ಹೊಡೆತ ತಿಂದು ದೂರು ಕೊಟ್ಟವಳ ಜೀವಕ್ಕೆ ಯಾಕಿಲ್ಲ ಎಂಬುದು ನನ್ನ ಪ್ರಶ್ನೆ. ಬಂದೂಕು ಇಲ್ಲದ ಮನೆಯಲ್ಲಿ ಮಚ್ಚು ಇದೆ, ಕುಡುಗೋಲು ಇದೆ.

ಈ ಕೆಲಸಕ್ಕೆ ಕಾನೂನಿನಲ್ಲಿ ದಾರಿ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದ್ದು. ಅದರ 2006ರ ನಿಯಮಗಳಲ್ಲಿ 10ನೆಯ ನಿಯಮ ನೋಡಿ. ಮ್ಯಾಜಿಸ್ಟ್ರೇಟರು ಲಿಖಿತವಾಗಿ ಹೇಳಿದರೆ ರಕ್ಷಣಾಧಿಕಾರಿ ಪೊಲೀಸರ ನೆರವಿನಿಂದ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಬೇಕು ಎಂದಿದೆ. ಆದರೆ ಆಯುಧ ಇದೆ ಎಂದು ನಾವು ಬರೆಸದಿದ್ದರೆ ಮ್ಯಾಜಿಸ್ಟ್ರೇಟರು ಆದೇಶ ಕೊಡುವುದು ಹೇಗೆ?

ಆದ್ದರಿಂದ ನಮ್ಮ ಸಂಘಗಳು ಮಾಡಬೇಕಾದದ್ದು ಇಷ್ಟು. ಹೊಡೆತ ತಿಂದವಳ ಜೊತೆ ರಕ್ಷಣಾಧಿಕಾರಿಯ ಬಳಿಗೋ ಠಾಣೆಗೋ ಹೋಗುವಾಗ ಒಬ್ಬಳನ್ನೇ ಕಳಿಸಬೇಡಿ, ಇಬ್ಬರು ಮೂವರು ಹೋಗಿ. ಗಲಾಟೆ ಮಾಡಿದ, ಬೈದ ಎಂದು ಬರೆದುಕೊಂಡರೆ ಸಹಿ ಹಾಕಬೇಡಿ. ಎಲ್ಲಿಗೆ ಹೊಡೆದ, ಯಾವುದರಿಂದ ಹೊಡೆದ, ಯಾವ ದಿನ ಎಂದು ಬರೆಸಿ. ಮನೆಯಲ್ಲಿ ಕೋವಿ, ಮಚ್ಚು ಏನಿದೆ, ಅದನ್ನು ತೋರಿಸಿ ಹೆದರಿಸಿದ್ದಾನೆಯೇ ಎಂದು ಬರೆಸಿ. ಪ್ರಥಮ ವರ್ತಮಾನ ವರದಿಯ ಪ್ರತಿ ದೂರು ಕೊಟ್ಟವಳಿಗೆ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಅದರ ಒಂದು ನಕಲು ಸಂಘದ ಪೆಟ್ಟಿಗೆಯಲ್ಲಿ ಇರಲಿ, ಮನೆಯಲ್ಲಿಟ್ಟರೆ ಒಲೆಗೆ ಹೋಗುತ್ತದೆ. ಕೋವಿಗೆ ಪರವಾನಗಿ ಇದ್ದರೆ ಅದನ್ನು ತಡೆಹಿಡಿಯಿರಿ ಎಂದು ಪರವಾನಗಿ ಕೊಟ್ಟ ಅಧಿಕಾರಿಗೆ ಬೇರೆಯಾಗಿ ಒಂದು ಅರ್ಜಿ ಕೊಡಿ. ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಯ ಕಾರಣಕ್ಕೆ ಪರವಾನಗಿ ಅಮಾನತಿನಲ್ಲಿಡಲು ಅವರಿಗೆ 17ನೆಯ ಕಲಮಿನಲ್ಲಿ ಅಧಿಕಾರ ಇದೆ.

ಐದು ರೂಪಾಯಿ ಉಳಿತಾಯವನ್ನೂ ತಪ್ಪದೆ ಬರೆದಿಡುವುದನ್ನು ನಾವು ಕಲಿತಿದ್ದೇವೆ. ಯಾರು ಎಷ್ಟು ಕಟ್ಟಿದರು, ಯಾವ ತಾರೀಕು, ಯಾರ ಸಹಿ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಹೊಡೆತದ ಲೆಕ್ಕವನ್ನೂ ಹಾಗೇ ಬರೆಯೋಣ. ಶಿಕ್ಷೆ ಮುಗಿಸಿ ಬಂದು ಬದಲಾದವನಿಗೆ ಮರಳಿ ಬದುಕುವ ದಾರಿ ಇರಲಿ, ಅದನ್ನು ನಾವು ಅಡ್ಡಗಟ್ಟುವುದಿಲ್ಲ. ಆದರೆ ಅವನು ಬದಲಾಗಿದ್ದಾನೋ ಇಲ್ಲವೋ ಎಂದು ನೋಡುವ ದಿನ, ನಮ್ಮವಳು ಅನುಭವಿಸಿದ್ದು ಅದರ ನಿಜವಾದ ಹೆಸರಿನಲ್ಲಿ ಕಾಗದದ ಮೇಲೆ ಇರಬೇಕು. ಅಷ್ಟನ್ನು ಮಾಡಲು ನಮಗೆ ಯಾರ ಪರವಾನಗಿಯೂ ಬೇಡ.